ಬ್ಯಾಂಕ್ ನಾಲ್ಕು, ಗುಂಡಿ ಏಳು

ಮಂಗಲಪೇಟೆಯ ಚರ್ಚಿನ ಗಂಟೆ ಹತ್ತು ಹೊಡೆದಿದೆ.
ಕೀಬೋರ್ಡನ್ನು ಮಂಚದ ಮೇಲೆ ಅಡ್ಡ ಮಲಗಿಸಿಕೊಂಡು
ಹಾಡು ಜೋಡಿಸಲು ಕೂತಿದ್ದೇನೆ.
ನಾಳೆ ಹುಮನಾಬಾದ್ ರಸ್ತೆಯ ಹಾಲಿನಲ್ಲಿ ರಿಸೆಪ್ಷನ್ನು.
ಎಂಟು ಬ್ಯಾಂಕು, ಬ್ಯಾಂಕಿಗೆ ಎಂಟು ಗುಂಡಿ,
ಅರವತ್ನಾಲ್ಕು ಮನೆ.
ಬಾಡಿಗೆಗೆ ಬಂದು ನಿಂತ ಹಾಡು
ಇನ್ನೂರಾ ಹನ್ನೊಂದು.

ಮೊದಲು ಅಕ್ಷರದ ಪ್ರಕಾರ ಇಟ್ಟಿದ್ದೆ.
ಈ ಪರದೆಗೆ ಕನ್ನಡ ಬರೋದಿಲ್ಲ, ಉರ್ದು ಬರೋದಿಲ್ಲ,
ಇಂಗ್ಲಿಷೂ ಎಂಟೇ ಅಕ್ಷರದಷ್ಟು ಬರುತ್ತದೆ.
ಹಾಡುಗಳೆಲ್ಲ ಬಾಲ ಕತ್ತರಿಸಿಕೊಂಡು ನಿಂತವು.
ಒಂದು ಸಲ ಭಾಲ್ಕಿಯಲ್ಲಿ
ಮಾಲೆ ಹಾಕುವ ಹೊತ್ತಿಗೆ ಅಗಲಿಕೆಯ ಹಾಡೆದ್ದು
ಮದುಮಗನ ಸೋದರಮಾವ
ಚಪ್ಪಲಿ ಬಿಡದೆ ವೇದಿಕೆ ಹತ್ತಿದರು.

ಆಮೇಲೆ ಭಾಷೆ ಪ್ರಕಾರ. ಅದೂ ಕೆಟ್ಟಿತು.
ಬೀದರಿನ ಮದುವೆಗೆ ಒಂದೇ ಭಾಷೆ ಅಂತ ಇರುತ್ತದೇನು?
ಉದಗೀರಿನ ಬೀಗರ ಚೀಟಿ ಮರಾಠಿ,
ಜಹೀರಾಬಾದಿನವರದು ತೆಲುಗು,
ಬಿರಿಯಾನಿ ದಮ್ಮಿಗಿಟ್ಟು ಖಾದರ್‌ಪಾಷಾ ಕೈ ಒರೆಸುತ್ತ ಬಂದು
"ಮಾಸ್ತರ್, ಒಂದ್ ಗಜಲ್ ಆಗ್ಲಿ" ಅನ್ನುತ್ತಾನೆ,
ಚೀಟಿ ಇಲ್ಲ, ಮಸಾಲೆಯ ಹತ್ತರ ನೋಟು.

ಈಗ ಹೊತ್ತಿನ ಪ್ರಕಾರ.
ಒಂದನೇ ಬ್ಯಾಂಕು ಕುರ್ಚಿ ಖಾಲಿ ಇರುವಾಗ: ವಚನ, ಮೆಲ್ಲಗೆ.
ಆರನೆಯದು ಊಟಕ್ಕೆ, ಯಾರೂ ಕೇಳೋದಿಲ್ಲ,
ನಿಲ್ಲಿಸಿದರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ.
ಕರೆಂಟು ಹೋದರೆ ಏಳನೆಯದು.
ಜನರೇಟರಿನ ಗುಂಯ್ ಬಿಳಿ ಐದರ ಹತ್ತಿರ ನಿಲ್ಲುತ್ತದೆ,
ಅದರ ಜೊತೆ ಜಗಳವಾಡದ ಹಾಡು ಹುಡುಕಲು
ನನಗೆ ಆರು ವರ್ಷ ಹಿಡಿಯಿತು.

(ಕಪ್ಪು ಬಿಳಿ ಮನೆ ನೋಡಿ
ಬಿದರಿ ಕೆಲಸದ ಹಾಗಿದೆ ಅಂದರು ಒಬ್ಬ ಪತ್ರಿಕೆಯವರು.
ಬಿದರಿ ಉಜ್ಜಿದರೆ ಹೊಳೆಯುತ್ತದೆ.
ಇದನ್ನು ಉಜ್ಜಿ ಉಜ್ಜಿ
'ಸೇವ್' ಅನ್ನೋ ಅಕ್ಷರವೇ ಹೋಗಿದೆ.)

ನಾಲ್ಕನೇ ಬ್ಯಾಂಕಿಗೆ ಬಂದೆ. ಏಳನೇ ಗುಂಡಿ.
ಎಂಟಕ್ಕೆ ಎಂಟು ಅಕ್ಷರ ತುಂಬಿ
ಬಾಲ ಕತ್ತರಿಸಿಕೊಳ್ಳದೆ ಕೂತ ಒಂದೇ ಹೆಸರು:
ಪುತ್ಲಾಬಾಯಿ.

ಕರಿ ನಾಲ್ಕರಲ್ಲಿ ಹಾಡುತ್ತಿದ್ದರು.
ಹಾಲಿನ ಹೊರಗೆ ಪಾನ್ ಅಂಗಡಿಯವನು
ಸುಣ್ಣದ ಕಡ್ಡಿ ಹಿಡಿದುಕೊಂಡೇ ನಿಲ್ಲುತ್ತಿದ್ದ.
ಒಂದು ಚಳಿಗಾಲ ಮೇಲಿನ ಸ್ವರ ಒಡೆಯಿತು.
ಮುಂದಿನ ಮದುವೆಗೆ ನಾನು ಹೇಳದೆ ಕೇಳದೆ
ಒಂದು ಮನೆ ಇಳಿಸಿದೆ.
ಮುಂದಿನ ವರ್ಷ ಇನ್ನೊಂದು.
ಇದರಲ್ಲಿ ಅದೇ ಸುಖ: ಬೆರಳು ಅದೇ ಜಾಗದಲ್ಲಿ,
ಸ್ವರ ಮಾತ್ರ ಕೆಳಗೆ.
ನನ್ನ ಬೆರಳಿಗೆ ಅವರಿಗೆ ವಯಸ್ಸಾದದ್ದು
ಇನ್ನೂ ಗೊತ್ತಿಲ್ಲ.

ಔರಾದಿನಿಂದ ವಾಪಸು ಬರುವಾಗ, ಟೆಂಪೋದಲ್ಲಿ,
ಸ್ಪೀಕರುಗಳ ನಡುವೆ ಕೂತು ಕೇಳಿದರು:
"ಎಷ್ಟ್ ಇಳಿಸಿದಿ?"
"ಎರಡು, ಬಾಯಿ."
"ಸುಳ್ ಹೇಳಬ್ಯಾಡ."
ಸೀರೆ ಸೆರಗು ಕಿವಿಗೆ ಸುತ್ತಿಕೊಂಡು,
ಸ್ವಲ್ಪ ಹೊತ್ತು ಬಿಟ್ಟು:
"ನಾಕು. ಬಿಳಿ ಮೂರಕ್ಕ ಬಂದೀನಿ.
ಗಂಟಲಿಗಿ ಲೆಕ್ಕ ಬರ್ತದ."

ಇವತ್ತು ಸಂಜೆ ಫೋನು ಮಾಡಿದ್ದರು.
"ಆ ಹಾಡು ಪ್ರಿಸಿಲ್ಲಾಗ ಕೊಡು.
ಕರಿ ನಾಕು. ಹುಡುಗಿಗಿ ಇಳಿಸಬ್ಯಾಡ,
ರೂಢಿ ಆಗ್ತದ."
ಆಮೇಲೆ ಮಗಳ ಮನೆಯ ಕುಕ್ಕರ್ ಕೂಗಿತು.

ಹೆಡ್‌ಫೋನು ಹಾಕಿ ಏಳನ್ನು ಒತ್ತಿದೆ.
ತಬಲಾ ಎದ್ದಿತು, ಕೊಳಲು ಬಂತು,
ಪಲ್ಲವಿಗೆ ಮುಂಚೆ
ನಾಲ್ಕು ಮಾತ್ರೆ ಬರೀ ತಾಳ.
ಬಾಟಲಿಯ ನೀರು ಒಂದು ಗುಟುಕು ಕುಡಿಯಲು
ಅವರು ಕೇಳಿ ಹಾಕಿಸಿಕೊಂಡಿದ್ದು.

ಇಳಿಕೆಯನ್ನು ಸೊನ್ನೆಗೆ ತಂದೆ.
ಹೆಸರಿನ ಜಾಗದಲ್ಲಿ ಪ್ರಿಸಿಲ್ಲಾ ಎಂದು ಬರೆದೆ,
ಕೊನೆಯ ಅಕ್ಷರ ಹೊರಗೆ ಉಳಿಯಿತು.
ಆ ನಾಲ್ಕು ಮಾತ್ರೆ ಅಳಿಸಲಿಲ್ಲ.

ನಾಳೆ ಅಲ್ಲಿಗೆ ಬಂದಾಗ ಹುಡುಗಿ
ಬಾಯಿ ತೆರೆದವಳು ಹಾಗೇ ನಿಂತು
ನನ್ನ ಕಡೆ ನೋಡುತ್ತಾಳೆ.
ನೋಡಲಿ.