ಉಪ್ಪಿನ ಊರಲ್ಲಿ ಒಂದು ರುಜು

ಡುಲೂತ್‌ನಲ್ಲಿ ಫೆಬ್ರವರಿ. ಸರೋವರ ಕಲ್ಲಾಗಿ ಮಲಗಿದೆ.
ಬೀದಿಗೆಲ್ಲ ಉಪ್ಪು ಎರಚಿದ್ದಾರೆ; ನಿಂತ ಕಾರುಗಳ
ಹೊಟ್ಟೆಯಡಿ ಬಿಳಿಯ ಪೊರೆ.

ಐಲಿ ಕಾರು ಆರಿಸಿಯಾಗಿತ್ತು. ಬೂದು ಬಣ್ಣ,
ಮೂವತ್ತೊಂದು ಸಾವಿರ ಮೈಲಿ ಓಡಿದ್ದು,
ಹಿಂದಿನ ಸೀಟಲ್ಲಿ ಯಾರದೋ ನಾಯಿಯ ಕೂದಲು.
ಚೌಕಾಸಿ ಮುಗಿದು ಕೈ ಕುಲುಕಿಯೂ ಆಗಿತ್ತು.
ಆಮೇಲೆಯೇ ಅಲ್ಲವೆ ಆ ಚಿಕ್ಕ ಕೋಣೆ?
ಗಾಜಿನ ಬಾಗಿಲು, ಬಟ್ಟಲ ತುಂಬ ಪೆಪ್ಪರ್‌ಮಿಂಟು,
ಅಳತೆ ಮೀರಿದ ಟೈ ಕಟ್ಟಿದ ಹುಡುಗ ಕೋಲ್ಬಿ.

ನಾನು ಜೊತೆಗೆ ಹೋದವಳು, ಅಷ್ಟೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷದಿಂದ
ಅವಳ ಎದುರಿನ ಮೇಜು ನನ್ನದು.

ಐದು ವರ್ಷ ನೆಮ್ಮದಿ ಮೇಡಂ, ಅಂದ ಕೋಲ್ಬಿ,
ತಿಂಗಳಿಗೆ ನಲವತ್ತೆಂಟೇ ಡಾಲರು.
ಒಟ್ಟು ಎಷ್ಟು?
ತಿಂಗಳಿಗೆ ನೋಡಿದರೆ...
ಒಟ್ಟು.
ಎರಡು ಸಾವಿರದ ಎಂಟುನೂರ ಎಂಬತ್ತು, ಅಂದ
ಹಲ್ಲು ಕೀಳಿಸಿಕೊಂಡವನ ಹಾಗೆ.

ಐಲಿ ಕಾಗದ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದಳು.
ನಾವು ಹಾಸಿಗೆಯ ಬಟ್ಟೆ ಹಿಡಿಯುವುದು ಹಾಗೆಯೇ,
ತೂತು ಎಲ್ಲಿದೆಯೆಂದು.
ಇತ್ತು. ಹನ್ನೆರಡನೆಯ ಪುಟದಲ್ಲಿ,
ಇರುವೆ ಸಾಲಿನಂಥ ಅಕ್ಷರದಲ್ಲಿ:
ಸೀಲುಗಳಿಗೆ ಇಲ್ಲ. ಹೋಸುಗಳಿಗೆ ಇಲ್ಲ.
ಬ್ರೇಕಿಗಿಲ್ಲ, ಬಲ್ಬಿಗಿಲ್ಲ, ಸವೆದು ಹೋದದ್ದಕ್ಕಿಲ್ಲ,
ಆಯಿಲ್ ಬದಲಿಸಿದ ರಸೀದಿ ಕಳೆದರೆ ಯಾವುದಕ್ಕೂ ಇಲ್ಲ.
ತುಕ್ಕಿಗೆ ಇಲ್ಲ. ಅದನ್ನು ಎರಡು ಸಲ ಬರೆದಿದ್ದರು.

ಈ ಊರಲ್ಲಿ ಕಾರು ಸಾಯುವುದೇ ತುಕ್ಕಿನಿಂದ.
ಊಟಕ್ಕಿಲ್ಲದ ಉಪ್ಪಿನಕಾಯಿ!

ನನ್ನ ತಮ್ಮ ಲೈಲ್ ನೆನಪಾದ. ಅವನೂ ಇಂಥದೇ ಕೋಣೆಯಲ್ಲಿ
ಓದದೆ ರುಜು ಹಾಕಿ ಪೆಪ್ಪರ್‌ಮಿಂಟು ಚೀಪುತ್ತ ಬಂದವನು.
ಆಲ್ಟರ್ನೇಟರ್ ಸುಟ್ಟ ದಿನ ಆ ನಂಬರಿಗೆ ಫೋನು ಮಾಡಿದರೆ
ಎತ್ತಿದ್ದು ಟುಲ್ಸಾದ ಒಂದು ಹೂವಿನ ಅಂಗಡಿ.
ಪಾಪ, ಆ ಹೆಂಗಸು ಒಳ್ಳೆಯವಳು. ಇವತ್ತು ನಿಮ್ಮದು
ನಾಲ್ಕನೆಯ ಕರೆ, ಅಂದಳಂತೆ.

ಐಲಿ ಕೇಳುತ್ತಲೇ ಇದ್ದಳು, ದನಿ ಏರಿಸದೆ.
ಕೆಟ್ಟ ದಿನ ದುಡ್ಡು ಕೊಡುವವರು ಯಾರು,
ನೀವೋ, ಕಾರು ಮಾಡಿದವರೋ, ಮೂರನೆಯವರೋ?
ನಮ್ಮ ಬೆನೋನ ಗ್ಯಾರೇಜು ನಡೆಯುತ್ತದೋ?
ಪ್ರತಿ ಸಲ ನನ್ನ ಕೈಯಿಂದ ಎಷ್ಟು?
ಎಂಜಿನ್ನಿಗೆ ಕಂಪನಿಯ ವಾರಂಟಿಯೇ ಇನ್ನೆರಡು ವರ್ಷ ಉಂಟಲ್ಲ,
ಒಂದೇ ಮಳೆಗೆ ಎರಡು ಕೊಡೆ ಯಾಕಪ್ಪ?

ಇವತ್ತು ಮಾತ್ರ ಈ ಬೆಲೆ, ಅಂದ ಕೋಲ್ಬಿ.
ಅವಳು ಎದ್ದು ಕೋಟು ಹಾಕಿಕೊಂಡಳು.
ಮೊದಲ ಗುಂಡಿಗೆ ಎರಡು ಸಾವಿರದ ನೂರು.
ಎರಡನೆಯದಕ್ಕೆ ಸಾವಿರದ ಏಳುನೂರು.
ಮೂರನೆಯ ಗುಂಡಿ ಹೋದ ಚಳಿಗಾಲದಲ್ಲೇ ಕಿತ್ತುಹೋಗಿತ್ತು,
ಇಲ್ಲದಿದ್ದರೆ ನೆಮ್ಮದಿ ಪುಕ್ಕಟೆಗೆ ಸಿಗುತ್ತಿತ್ತೋ ಏನೋ.

ಬಾಗಿಲಲ್ಲಿ ತಿರುಗಿ ಕೇಳಿದಳು:
ನಿನ್ನ ಕಾರಿಗೆ ತಗೊಂಡಿದ್ದೀಯಾ, ಮಗಾ?
ಅವನು ಬಟ್ಟಲು ನೋಡಿದ.
ನಾನು ಬಸ್ಸಲ್ಲಿ ಬರೋದು, ಮೇಡಂ.

ಬೇಡವೆಂದೇನೂ ಅವಳು ಶಪಥ ಮಾಡಿರಲಿಲ್ಲ.
ಕಂಪನಿಯ ಅವಧಿ ಮುಗಿಯುವ ಹೊತ್ತಿಗೆ ನೋಡೋಣ,
ನಾಲ್ಕು ಕಡೆ ವಿಚಾರಿಸೋಣ, ಅಲ್ಲಿವರೆಗೆ
ತಿಂಗಳಿಗೆ ನಲವತ್ತೆಂಟು ಕಾಫಿ ಡಬ್ಬಿಗೆ, ಅಂದಳು.
ಅಷ್ಟರಲ್ಲೇ ಹೀಟರಿನ ಫ್ಯಾನು ಸತ್ತಿತು, ಜನವರಿಯಲ್ಲಿ,
ಮೈನಸ್ ಇಪ್ಪತ್ತೆಂಟರಲ್ಲಿ. ಆರುನೂರ ಹತ್ತು.
ಡಬ್ಬಿಯಲ್ಲಿದ್ದದ್ದು ಐನೂರ ಇಪ್ಪತ್ತೆಂಟು.

ಅವತ್ತು ಅನ್ನಿಸಿತಾ, ತಗೋಬೇಕಿತ್ತು ಅಂತ?
ಅನ್ನಿಸಿತು, ಅಂದಳು. ಬೆರಳಿಗೆ ಉಸಿರು ಊದಿಕೊಳ್ಳುತ್ತ.
ಅರ್ಧ ದಾರಿ ಅನ್ನಿಸಿತು.

ಬುಧವಾರ ಪಾಳಿ ಮುಗಿದ ಮೇಲೆ ನಾವಿಬ್ಬರೂ
ಬಂದರಿನ ಹತ್ತಿರದ ತೊಳೆಯುವ ಶೆಡ್ಡಿಗೆ ಹೋಗುತ್ತೇವೆ.
ಎರಡು ಡಾಲರಿನ ನಾಣ್ಯ ಹಾಕಿ, ಮೊಣಕಾಲೂರಿ,
ಅವಳು ಕಾರಿನ ಹೊಟ್ಟೆಗೆ ಪೈಪು ಹಿಡಿಯುತ್ತಾಳೆ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ.
ಬೂದು ನೀರು ಹರಿದು ಮೋರಿ ಸೇರುವವರೆಗೆ
ನಾನು ಟಾರ್ಚು ಹಿಡಿದು ನಿಲ್ಲುತ್ತೇನೆ.