ಬಾಕಿ

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಇಪ್ಪತ್ತಾರು ವರ್ಷ
ಲೆಕ್ಕ ಬರೆದವನು ನಾನು:
ಯಾವ ಬೋಟಿಗೆ ಎಷ್ಟು ಬ್ಲಾಕು, ಯಾರ ಬಾಕಿ ಎಷ್ಟು.
ಈಗ ಮಣಿಪಾಲದ ಈ ಗಾಜಿನ ಕೋಣೆಯಲ್ಲಿ
ನನ್ನ ಲೆಕ್ಕ ಇನ್ನೊಬ್ಬರು ಬರೆಯುತ್ತಾರೆ,
ಬೆಳಿಗ್ಗೆ ಐದಕ್ಕೆ, ಒಂದು ಸಣ್ಣ ಟ್ಯೂಬು ತುಂಬಿಸಿ.

ನನ್ನದೇ ಕಣಗಳು. ತೆಗೆದರು, ಹೆಪ್ಪುಗಟ್ಟಿಸಿದರು.
ಮೈನಸ್ ನೂರ ತೊಂಬತ್ತಾರು ಎಂದರು ಡಾಕ್ಟರು.
ನಮ್ಮಲ್ಲಿ ಮೈನಸ್ ಹತ್ತಕ್ಕೇ ಬಂಗುಡೆ ಕಲ್ಲಾಗುತ್ತದೆ ಎಂದೆ.
ಆಮೇಲೆ ಮದ್ದು ಬಿಟ್ಟು ಮೂಳೆಯೊಳಗಿದ್ದುದನ್ನೆಲ್ಲ
ತೊಳೆದರು, ಕಾಯಿಲೆಯನ್ನೂ ನನ್ನನ್ನೂ.
ಚೀಲ ವಾಪಸು ಬಂದ ದಿನ
ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ಕತ್ತಿನ ನಳಿಗೆಗೆ ಹಾಕಿದರು.
ಕೋಣೆ ತುಂಬ ಬೇಯಿಸಿದ ಜೋಳದ ವಾಸನೆ.
ಇಷ್ಟೇಯಾ? ಕೇಳಿದೆ.
“ಇಷ್ಟೇ. ಇನ್ನು ಕಾಯುವುದು,” ಎಂದಳು ಸಿಸ್ಟರ್ ಐಡಾ.

ಕಾಯುವುದು ನನಗೆ ಗೊತ್ತು.
ಜೂನ್, ಜುಲೈ, ಬಂದರಿನಲ್ಲಿ ಬೋಟುಗಳು
ಒಂದಕ್ಕೊಂದು ಕಟ್ಟಿಕೊಂಡು ನಿಂತಿರುತ್ತವೆ.
ಮೀನು ಮೊಟ್ಟೆ ಇಡಲಿ ಎಂದು ಸರಕಾರದ ತಡೆ.
ದಿನಾ ತಾರೀಕು ಬರೆದು ಮುಂದೆ ಸೊನ್ನೆ ಹಾಕುತ್ತಿದ್ದೆ.
ಏನೂ ಇಲ್ಲವಲ್ಲ, ಯಾಕೆ ಬರೆಯುವುದು? ಲೋಡಿಂಗ್ ಹುಡುಗ ಕೇಳಿದ್ದ.
ಇಲ್ಲ ಎನ್ನುವುದನ್ನೂ ಬರೆಯಬೇಕು ಮಾರಾಯ.

ಆರನೇ ದಿನ ಸೊನ್ನೆ.
ಏಳು. ಬಾಯಿ ತುಂಬ ಹುಣ್ಣು, ಉಗುಳಿಗೂ ಮುಳ್ಳು.
ಎಂಟು. ಜ್ವರ. ಯಾರೋ ತುಳುವಿನಲ್ಲಿ ಎಣಿಸುತ್ತಿದ್ದರು,
ಒಂಜಿ, ರಡ್ಡ್, ಮೂಜಿ,
ಅದು ನಾನೇ.
ದಿಂಬಿನ ಮೇಲೆ ಕೂದಲು, ಹರಿದ ಬಲೆಯ ನೂಲಿನ ಹಾಗೆ.

ಗಾಜಿನಾಚೆ ವಾರಿಜ ಫೋನು ಹಿಡಿದು
ಹೇಳಿದ್ದು ಬರೀ ಮನೆಯ ಸುದ್ದಿ:
ಪಂಪು ರಿಪೇರಿಯಾಯಿತು, ನುಗ್ಗೆಮರ ಬಿತ್ತು.
ಹೂವು ಒಳಗೆ ಬರುವಂತಿಲ್ಲ.
ಮುಡಿದ ಮಲ್ಲಿಗೆ ನನಗೆ ಕಾಣಲೆಂದು
ಒಂದು ಗಳಿಗೆ ಬೆನ್ನು ತಿರುಗಿಸಿ ನಿಂತಳು.

ಹತ್ತನೇ ರಾತ್ರಿ ಸೊಂಟದ ಮೂಳೆಯೊಳಗೆ
ಬೋಟಿನ ಎಂಜಿನ್ ಹಿಡಿದ ಹಾಗೆ ನೋವು.
“ಒಳ್ಳೆಯ ನೋವು,” ಎಂದಳು ಐಡಾ.
ಅಂಥದ್ದೊಂದು ಉಂಟೆಂದು
ಐವತ್ತೆಂಟು ವರ್ಷ ಗೊತ್ತಿರಲಿಲ್ಲ.

ಹನ್ನೊಂದು: ನಲವತ್ತು.
ಹನ್ನೆರಡು: ನೂರ ಎಂಬತ್ತು.
ಹದಿಮೂರಕ್ಕೆ ಐನೂರ ಇಪ್ಪತ್ತರ ಚೀಟಿ ತಂದು
“ಮೂರು ದಿನ ಹೀಗೇ ನಿಂತರೆ ಲೆಕ್ಕಕ್ಕೆ” ಎಂದಳು.
ಸರಿ. ಮೊದಲ ದಿನದ ಮೀನನ್ನು ನಾವೂ ನಂಬುವುದಿಲ್ಲ.

ಪ್ಲೇಟ್‌ಲೆಟ್ ಇನ್ನೂ ಎದ್ದಿಲ್ಲ. ನಿನ್ನೆಯೂ ಒಂದು ಹಳದಿ ಚೀಲ,
ಯಾರದೋ.
ಕ್ಯಾಲೆಂಡರಿನ ಹಿಂದೆ, ಹೆಸರಿನ ಜಾಗ ಖಾಲಿ ಬಿಟ್ಟು,
ಬಾಕಿ ಎಂದು ಬರೆದಿಟ್ಟಿದ್ದೇನೆ.