ಹೊಟ್ಟೆಗಲ್ಲು

ಊರಿನ ಹೆಸರೇ ಸೆಟಲ್.
ಫೋನು ಮಾಡಿದಾಗೆಲ್ಲ ಚಿಕ್ಕಮ್ಮನ ನಗೆ:
‘ಅಂತೂ ಸೆಟಲ್ ಆದೆ ಅನ್ನು!’
ಯಾರ್ಕ್‌ಶೈರಿನ ಈ ಬೋಳುಗುಡ್ಡದ ಮೇಲೆ
ಗುರುವಾರ ಗುರುವಾರ ನನ್ನ ಕೆಲಸ
ತಲೆ ಎಣಿಸುವುದು.
ಹನ್ನೊಂದು ಟೊಪ್ಪಿಗೆ, ಇಪ್ಪತ್ತೆರಡು ಬೂಟು,
ಅದರಲ್ಲೊಂದು ಸದಾ ಕೆಸರೊಳಗೆ.

ಇವತ್ತಿನ ಪಾಠ ಗೋಡೆ.
ಹಿಮಕ್ಕೆ ಕುಸಿದು, ಕುರಿ ನುಗ್ಗುವಷ್ಟು
ಬಾಯಿ ಬಿಟ್ಟ ಗೋಡೆ.
ಗಾರೆಯಿಲ್ಲ, ಸಿಮೆಂಟಿಲ್ಲ, ಅಳತೆಗೆ ಒಂದು ದಾರ.
ವಿಲ್ಫ್ ಆಲ್ಡರ್‌ಸನ್, ಎಪ್ಪತ್ತು ದಾಟಿದ ಗೋಡೆಗಾರ,
ಮಾತೂ ಕಲ್ಲಿನ ಹಾಗೇ, ಎಣಿಸಿ ಇಡುವವನು:
‘ಎರಡರ ಮೇಲೊಂದು, ಒಂದರ ಮೇಲೆರಡು.
ಎತ್ತಿದ ಕಲ್ಲನ್ನು ಕೆಳಗಿಡಬೇಡಿ,
ಅದಕ್ಕೊಂದು ಜಾಗ ಇದ್ದೇ ಇದೆ, ಹುಡುಕಿ.
ನಡುವೆ ಇರುವುದು ಹೊಟ್ಟೆ.
ಅಲ್ಲಿಗೆ ಚೂರುಗಲ್ಲು, ಒಂದೊಂದೇ, ಕೈಯಾರೆ.
ಸುರಿಯಬೇಡಿ.’

ಕೈ ಕೆಸರಾಯಿತು. ಬಾಯಿ ಮೊಸರಾಗಲಿಲ್ಲ;
ಚೀಸ್ ಸ್ಯಾಂಡ್‌ವಿಚ್ಚೂ ಕೆಸರಾಯಿತು.
ತಿಂದರು, ಬೆರಳ ಗುರುತಿನ ಸಮೇತ.
ಜೋಸಿ ಮಾತ್ರ ಡಬ್ಬಿ ತೆರೆಯಲಿಲ್ಲ.

ಎಂಟು ವರ್ಷ. ಎಲ್ಲರಿಗಿಂತ ಮೊದಲು ಅವಳ ಪಾಲಿನ ಗೋಡೆ
ಸೊಂಟದೆತ್ತರ ಎದ್ದಿತ್ತು, ಮುಖ ನೆಟ್ಟಗೆ;
ನಾನೇ ಫೋಟೋ ತೆಗೆದಿದ್ದೆ.
ಈಗ ಬಂದು ನಿಂತಳು ವಿಲ್ಫನ ಮುಂದೆ
ಕೈಗವಸು ಕಚ್ಚುತ್ತ:
‘ಒಳಗೆ ಕಲ್ಲಿಲ್ಲ. ಹುಲ್ಲುಹೆಂಟೆ ತುರುಕಿದೆ.
ಹೊರಗಿಂದ ಕಾಣಲ್ಲ.’

ಗಾಳಿ. ದೂರದಲ್ಲೆಲ್ಲೋ ಕರ್ಲ್ಯೂ ಹಕ್ಕಿ,
ಅದರ ಕೊಕ್ಕಿನಷ್ಟೇ ಉದ್ದ ಬಾಗಿದ ಕೂಗು.

ನೀತಿ ಪಾಠದಲ್ಲಿ ನನಗೆ ನೂರಕ್ಕೆ ತೊಂಬತ್ತೆಂಟು,
ಹಿರಿಯೂರಿನ ಶಾಲೆ, ಆರನೇ ತರಗತಿ.
‘ಸತ್ಯವನ್ನೇ ಏಕೆ ನುಡಿಯಬೇಕು?
ಐದು ವಾಕ್ಯಗಳಲ್ಲಿ ಉತ್ತರಿಸಿ.’
ಐದನ್ನೂ ಪುಷ್ಪಲತಾಳ ಹಾಳೆ ನೋಡಿ ಬರೆದೆ.
ಅವಳಿಗೆ ತೊಂಬತ್ತಾರು. ಅಕ್ಷರ ಸೊಟ್ಟ.
ಪ್ರಶಸ್ತಿಪತ್ರ ಇನ್ನೂ ಇದೆ, ಕಟ್ಟು ಹಾಕಿಸಿದ್ದು.

ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಅನ್ನುತ್ತೇವೆ ನಾವು.
ವಿಲ್ಫನಿಗೆ ಆ ಮಾತು ಬಾರದು.
ಬೈಯಲಿಲ್ಲ, ಬೆನ್ನೂ ತಟ್ಟಲಿಲ್ಲ,
ಟೀ ಮುಗಿಸಿ, ಫ್ಲಾಸ್ಕಿನ ಮುಚ್ಚಳ ತಿರುಗಿಸಿ,
ಚೂರುಗಲ್ಲಿನ ಬಕೆಟ್ಟು ಅವಳ ಕೈಗೆ ಕೊಟ್ಟ:
‘ಸರಿ ಹಾಗಾದರೆ,
ಹೊಟ್ಟೆಗೆ ಕಲ್ಲು ಹಾಕೋಣ.’

ನಾಲ್ಕು ವರಸೆ ಕಳಚಿದರು.
ಯಾರು ಕರೆದರೋ, ಟ್ಯಾಂಸಿನ್ ಬಂದಳು, ಇಮ್ರಾನ್ ಬಂದ,
ಆ ಒಂಟಿ ಬೂಟಿನವನೂ ಕುಂಟಿಕೊಂಡು ಬಂದ.
ಹೆಂಟೆಯೊಳಗಿಂದ ಹೊರಬಿದ್ದ ಎರೆಹುಳಕ್ಕೆ
ಬೇರೆ ಮನೆ ಹುಡುಕುವುದರಲ್ಲಿ ಹತ್ತು ನಿಮಿಷ ಹೋಯಿತು.
ಬಸ್ಸು ಬರುವ ಹೊತ್ತಿಗೆ
ಮಧ್ಯಾಹ್ನ ಇದ್ದುದಕ್ಕಿಂತ ಗೋಡೆ ಗಿಡ್ಡ.

ನಾನು ಕೈಗವಸು ಕಳಚಿ
ಹೆಬ್ಬೆರಳಿನಷ್ಟು ಚೂರೊಂದನ್ನು ಎತ್ತಿಕೊಂಡೆ.
ಎತ್ತಿದ್ದನ್ನು ಇಳಿಸುವಂತಿಲ್ಲ.
ಕೆಳಗೆ ಬಸ್ಸಿನ ಹಾರನ್ನು. ತಲೆ ಎಣಿಸಬೇಕು.
ಜೋಸಿ ನನ್ನ ಮಣಿಕಟ್ಟು ಹಿಡಿದು ಒಳಗೆ ತೋರಿಸಿದಳು:
‘ಅಲ್ಲಿ. ಸ್ವಲ್ಪ ಅಲ್ಲಾಡಿಸಿ ನೋಡಿ,
ಕೂರುತ್ತೆ.’